ಬಾಡಿಗೆಗಾಗಿ ಮನೆ ಕಟ್ಟಿಸುವವರು ಅಂದಾಜುಪಟ್ಟಿಯಲ್ಲಿ ಕಾಣದ ಖರ್ಚುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆದಾಯದ ಉದ್ದೇಶದಿಂದ ಮನೆ ಕಟ್ಟಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ದರಗಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಲೆಕ್ಕಗಳನ್ನು ಹಣದ ಮೊತ್ತದಲ್ಲಿ ಹೇಳದೆ, ಒಟ್ಟು ಯೋಜನೆಯನ್ನು 100 ಭಾಗವೆಂದು ಹಿಡಿದು ವಿವರಿಸಿದ್ದೇನೆ. ಓದುಗರು ತಮ್ಮ ಮೊತ್ತವನ್ನು ಆ ಜಾಗದಲ್ಲಿಟ್ಟು ನೋಡಬಹುದು.

ಅಂದಾಜಿನಲ್ಲಿ ಕಾಣದ ಖರ್ಚು ಎಂದರೇನು? ಅದನ್ನು ಯಾರಾದರೂ ಬೇಕೆಂದೇ ಮುಚ್ಚಿಡುತ್ತಾರೆಯೇ?

ಕೆಲವೊಮ್ಮೆ ಮುಚ್ಚಿಡುವುದುಂಟು, ಆದರೆ ಬಹುಪಾಲು ಸಂದರ್ಭಗಳಲ್ಲಿ ಹಾಗಾಗುವುದಿಲ್ಲ. ಮನೆಯ ಯೋಜನೆಯಲ್ಲಿ ಹಲವರು ಕೈಜೋಡಿಸುತ್ತಾರೆ, ಮತ್ತು ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸಕ್ಕೆ ಮಾತ್ರ ಲೆಕ್ಕ ಕೊಡುತ್ತಾರೆ. ನಿವೇಶನ ಮಾರುವವರು ನೆಲದ ಬೆಲೆ ಹೇಳುತ್ತಾರೆ, ಗುತ್ತಿಗೆದಾರರು ಪಾಯದಿಂದ ಚಾವಣಿಯವರೆಗಿನ ಕೆಲಸದ ದರ ಹೇಳುತ್ತಾರೆ, ಸಾಲ ಕೊಡುವವರು ತಿಂಗಳ ಕಂತು ಹೇಳುತ್ತಾರೆ. ಈ ಮೂವರ ಲೆಕ್ಕಗಳ ನಡುವೆ ಬೀಳುವ ಕೆಲಸಗಳಿಗೆ, ಅಂದರೆ ಮಣ್ಣು ಸಾಗಿಸುವುದು, ಬೀದಿಯ ಕೊಳವೆಯಿಂದ ಮನೆಗೆ ನೀರು ತರುವುದು, ಕೆಲಸ ತಡವಾದ ತಿಂಗಳುಗಳ ಬಡ್ಡಿ ಕಟ್ಟುವುದು ಇಂಥವುಗಳಿಗೆ, ಒಡೆಯನ ಹೊರತು ಬೇರೆ ದಿಕ್ಕಿಲ್ಲ. ಆದ್ದರಿಂದ ಕಾಣದ ಖರ್ಚು ಎಂಬುದು ಹೆಚ್ಚಾಗಿ ಯಾರ ಪಟ್ಟಿಯಲ್ಲಿಯೂ ಸೇರದೆ ಉಳಿದ ಖರ್ಚು. ಅದನ್ನು ಹಿಡಿಯಲು ನನಗೆ ತಿಳಿದಿರುವ ಅತ್ಯುತ್ತಮ ದಾರಿಯೆಂದರೆ, ಲೆಕ್ಕವನ್ನು ಕಟ್ಟಡ ಮುಗಿಯುವ ದಿನಕ್ಕೆ ನಿಲ್ಲಿಸದೆ, ಮೊದಲ ತಿಂಗಳ ಬಾಡಿಗೆ ಕೈಸೇರುವ ದಿನದವರೆಗೆ ಬೆಳೆಸಿ, ಆ ಎರಡು ದಿನಗಳ ನಡುವೆ ಯಾರು ಯಾವುದಕ್ಕೆ ಹಣ ಕೊಡಬೇಕೆಂದು ವಾರವಾರವಾಗಿ ಬರೆದುಕೊಳ್ಳುವುದು.

ನಾವೇ ವಾಸಿಸುವ ಮನೆಗೂ ಬಾಡಿಗೆಗೆ ಕೊಡುವ ಮನೆಗೂ ಈ ಲೆಕ್ಕದಲ್ಲಿ ವ್ಯತ್ಯಾಸವಿದೆಯೇ?

ದೊಡ್ಡ ವ್ಯತ್ಯಾಸವಿದೆ. ಸ್ವಂತ ವಾಸದ ಮನೆಯಲ್ಲಿ ಅಂದಾಜು ಮೀರಿದ ಹಣ ಯಾವುದಾದರೊಂದು ಸೌಕರ್ಯವಾಗಿ ಮರಳಿ ಬರುತ್ತದೆ, ಕನಿಷ್ಠ ಮನಸ್ಸಿಗೆ ಸಮಾಧಾನವನ್ನಾದರೂ ಕೊಡುತ್ತದೆ. ಹೂಡಿಕೆಯ ಮನೆಯಲ್ಲಿ ಮೀರಿದ ಹಣವೆಲ್ಲ ಆದಾಯದ ಪ್ರಮಾಣವನ್ನು ತಿನ್ನುತ್ತದೆ, ಏಕೆಂದರೆ ನೆಲದೊಳಗೆ ಹೂತುಹೋದ ಕಾಂಕ್ರೀಟಿಗಾಗಿ ಯಾವ ಬಾಡಿಗೆದಾರನೂ ಹೆಚ್ಚು ಬಾಡಿಗೆ ಕೊಡುವುದಿಲ್ಲ.

ಒಂದು ಲೆಕ್ಕ ನೋಡೋಣ. ನೆಲಕ್ಕೆ 40, ಕಟ್ಟಡಕ್ಕೆ 60, ಒಟ್ಟು 100 ಭಾಗ ಹೂಡಿ, ವರ್ಷಕ್ಕೆ 5 ಭಾಗ ಬಾಡಿಗೆ ಬರುವುದೆಂದು ಎಣಿಸಿದ್ದೀರಿ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿದರೆ 0.42 ಭಾಗ ಕಳೆಯಿತು. ತೆರಿಗೆ, ವಿಮೆ, ದುರಸ್ತಿ, ನಿರ್ವಹಣೆಗೆಂದು 1 ಭಾಗ ಹೋದರೆ ಉಳಿಯುವುದು 3.58, ಅಂದರೆ ನಿವ್ವಳ ಆದಾಯ ಶೇಕಡಾ 3.58. ಈಗ ಎಣಿಸದ ಖರ್ಚುಗಳಿಂದ ಹೂಡಿಕೆ 112 ಭಾಗಕ್ಕೆ ಏರಿತೆಂದುಕೊಳ್ಳಿ. ಬಾಡಿಗೆ ಬದಲಾಗುವುದಿಲ್ಲ, ನಿವ್ವಳ ಆದಾಯ ಮಾತ್ರ ಶೇಕಡಾ 3.2ಕ್ಕೆ ಇಳಿಯುತ್ತದೆ. ಆ ಹೆಚ್ಚುವರಿ 12 ಭಾಗವನ್ನು ಸಾಲವಾಗಿ ತಂದಿದ್ದರೆ, ಮತ್ತು ಬಡ್ಡಿ ಶೇಕಡಾ 9 ಇದ್ದರೆ, ಅದರ ಬಡ್ಡಿಯೇ ವರ್ಷಕ್ಕೆ 1.08 ಭಾಗವಾಗಿ, ಉಳಿದ ಆದಾಯದ ಶೇಕಡಾ 30ರಷ್ಟನ್ನು ನುಂಗುತ್ತದೆ. ಶೇಕಡಾ 12ರಷ್ಟು ಮಾತ್ರ ಮೀರಿತು ಎಂದು ಹಗುರಾಗಿ ಹೇಳುವಾಗ ಈ ಭಾಗ ಕಣ್ಣಿಗೆ ಬೀಳುವುದಿಲ್ಲ.

ನಿವೇಶನ ಕೊಳ್ಳುವ ಮುನ್ನವೇ ಗುರುತಿಸಬಹುದಾದ ಖರ್ಚುಗಳು ಯಾವುವು?

ಅತಿ ದೊಡ್ಡವು ಬಹುತೇಕ ಎಲ್ಲವೂ. ನಿವೇಶನದ ಇಳಿಜಾರು, ಮಣ್ಣಿನ ಗುಣ, ಹಿಂದೆ ಅಲ್ಲಿ ಹಳ್ಳವೋ ಬಾವಿಯೋ ಇದ್ದು ಆಮೇಲೆ ಮಣ್ಣು ತುಂಬಿಸಲಾಗಿದೆಯೇ ಎಂಬುದು, ಮಳೆಯ ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ, ಲಾರಿ ಒಳಗೆ ಬರುವಷ್ಟು ದಾರಿ ಇದೆಯೇ, ನಿವೇಶನದೊಳಗೆ ಯಾರದಾದರೂ ಕೊಳವೆ ಅಥವಾ ತಂತಿ ಹಾದುಹೋಗಿದೆಯೇ, ಕಡಿಯಲು ಅನುಮತಿ ಬೇಕಾದ ಮರಗಳಿವೆಯೇ ಎಂಬುದೆಲ್ಲ ಕೊಳ್ಳುವ ಮೊದಲೇ ನೋಡಬಹುದಾದ ಸಂಗತಿಗಳು. ಸಾಧ್ಯವಿದ್ದರೆ ಮಳೆ ಬಂದ ಮರುದಿನ ನಿವೇಶನಕ್ಕೆ ಹೋಗಿ ನಿಂತು ನೋಡಿರಿ, ಒಣ ದಿನದಲ್ಲಿ ಕಾಣದ ಎಷ್ಟೋ ವಿಷಯಗಳು ಅಂದು ಕಾಣುತ್ತವೆ. ಅಕ್ಕಪಕ್ಕದಲ್ಲಿ ಮನೆ ಕಟ್ಟಿದವರನ್ನು ಪಾಯ ಎಷ್ಟು ಆಳಕ್ಕೆ ಹೋಯಿತು ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ, ಹಾಗೆಯೇ ಅದಕ್ಕಿಂತ ಉಪಯುಕ್ತವಾದ ಪ್ರಶ್ನೆಯೂ ಕಡಿಮೆ.

ಅಗ್ಗದ ನಿವೇಶನ ಸಿಕ್ಕಾಗ ಅದು ಏಕೆ ಅಗ್ಗವಾಗಿದೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಮುಂಗಡ ಕೊಡಬೇಡಿ ಎಂಬುದು ನನ್ನ ದೃಢವಾದ ಸಲಹೆ. ಬೆಲೆಯಲ್ಲಿ ಉಳಿದ ಹಣ ಪಾಯದಲ್ಲಿ ಖರ್ಚಾಗುವುದಾದರೆ ಅದು ಉಳಿತಾಯವಲ್ಲ.

ಸಾಧಾರಣ ಮನೆಗೂ ಮಣ್ಣು ಪರೀಕ್ಷೆ ಮಾಡಿಸಬೇಕೇ?

ಮಾಡಿಸಬೇಕು. ಒಟ್ಟು ವೆಚ್ಚಕ್ಕೆ ಹೋಲಿಸಿದರೆ ಅದರ ಶುಲ್ಕ ಅತ್ಯಲ್ಪ, ಆದರೆ ಅದು ಕೊಡುವ ಮಾಹಿತಿ ಯೋಜನೆಯ ಅತ್ಯಂತ ಅನಿಶ್ಚಿತ ಭಾಗಕ್ಕೆ ಸಂಬಂಧಿಸಿದ್ದು. ಜೇಡಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಋತುವಿನಿಂದ ಋತುವಿಗೆ ಅಲುಗಾಡುವ ನೆಲದ ಮೇಲೆ ಸಾಧಾರಣ ಪಾಯ ಹಾಕಿದರೆ ಗೋಡೆಗಳಲ್ಲಿ ಓರೆಯಾದ ಬಿರುಕುಗಳು ಮೂಡುತ್ತವೆ. ತುಂಬಿಸಿದ ಮಣ್ಣು ಸರಿಯಾಗಿ ದಮ್ಮಸ್ಸು ಆಗಿರದಿದ್ದರೆ, ಅಂದರೆ ಅದನ್ನು ಒತ್ತಿ ಗಟ್ಟಿ ಮಾಡಿರದಿದ್ದರೆ, ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಅದರ ಮೇಲೆ ಕಟ್ಟಡದ ಭಾರ ಹೊರಿಸುವಂತಿಲ್ಲ. ಬಂಡೆ ಸಿಕ್ಕರೆ ಭಾರ ಹೊರುವ ಚಿಂತೆ ತಪ್ಪುತ್ತದೆ, ಆದರೆ ಅಗೆಯುವ ವೆಚ್ಚ ಬೆಳೆಯುತ್ತದೆ. ಯಾವುದು ನಿಮ್ಮ ಪಾಲಿಗೆ ಬಂದಿದೆ ಎಂಬುದು ನಕ್ಷೆ ಬರೆಯುವ ಮೊದಲು ತಿಳಿದರೆ ವಿನ್ಯಾಸವನ್ನು ಅದಕ್ಕೆ ಹೊಂದಿಸಬಹುದು. ಕರಾರಿಗೆ ಸಹಿ ಹಾಕಿ, ಅಗೆಯಲು ಆರಂಭಿಸಿದ ಮೇಲೆ ತಿಳಿದರೆ, ಗುತ್ತಿಗೆದಾರರು ಹೇಳಿದ ಹೆಚ್ಚುವರಿ ದರವನ್ನು ಒಪ್ಪಿಕೊಳ್ಳದೆ ಬೇರೆ ದಾರಿ ಇರುವುದಿಲ್ಲ. ಪರೀಕ್ಷೆಗೆ ಒಂದೇ ಕಡೆ ಅಲ್ಲ, ಮನೆ ನಿಲ್ಲುವ ಜಾಗದ ಬೇರೆ ಬೇರೆ ಮೂಲೆಗಳಲ್ಲಿ ಮಾದರಿ ತೆಗೆಯುವಂತೆ ಕೇಳಿರಿ.

ಸ್ವಲ್ಪ ಇಳಿಜಾರಿದ್ದರೆ ಎಷ್ಟು ವ್ಯತ್ಯಾಸವಾದೀತು?

ಕಣ್ಣಿಗೆ ಸ್ವಲ್ಪವೆಂದು ಕಾಣುವ ಇಳಿಜಾರು ಲೆಕ್ಕದಲ್ಲಿ ಸ್ವಲ್ಪವಾಗಿರುವುದಿಲ್ಲ. 10 ಮೀಟರ್ ಅಗಲ, 15 ಮೀಟರ್ ಉದ್ದದ ನಿವೇಶನ, ಉದ್ದಕ್ಕೆ 10ಕ್ಕೆ 1ರಂತೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ನಡೆದುಹೋಗುವವರಿಗೆ ಅದು ದೊಡ್ಡ ಇಳಿಜಾರೆನಿಸದು, ಆದರೆ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 1.5 ಮೀಟರ್ ವ್ಯತ್ಯಾಸವಿರುತ್ತದೆ. ಇಡೀ ನಿವೇಶನವನ್ನು ಕೆಳಗಿನ ಅಂಚಿನ ಮಟ್ಟಕ್ಕೆ ತರಬೇಕೆಂದರೆ 112.5 ಘನ ಮೀಟರ್ ಮಣ್ಣು ಅಗೆಯಬೇಕು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಉಬ್ಬು ಶೇಕಡಾ 25 ಎಂದು ಹಿಡಿದರೆ ಸಾಗಿಸಬೇಕಾದದ್ದು ಸುಮಾರು 140 ಘನ ಮೀಟರ್. ಒಂದು ಲಾರಿಗೆ 6 ಘನ ಮೀಟರ್ ಎಂದರೆ 24 ಲೋಡು. ಅಗೆಯುವ ದರ ಅಂದಾಜುಪಟ್ಟಿಯಲ್ಲಿದ್ದು, ಸಾಗಿಸುವ ದರವೂ ಸುರಿಯುವ ಜಾಗದ ಶುಲ್ಕವೂ ಅಲ್ಲಿಲ್ಲದೆ ಹೋಗುವುದು ಬಹಳ ಸಾಮಾನ್ಯ. ಒಂದು ವೇಳೆ ಇದ್ದರೂ ನೆಲದಲ್ಲಿದ್ದಾಗಿನ ಅಳತೆಗೆ ದರವೋ, ಲಾರಿಗೆ ಏರಿದ ಮೇಲಿನ ಅಳತೆಗೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಅರ್ಧ ಅಗೆದು ಉಳಿದರ್ಧಕ್ಕೆ ತುಂಬಿಸುವ ದಾರಿಯೂ ಇದೆ. ಆಗ ಅಗೆತ 28 ಘನ ಮೀಟರಿಗೆ ಇಳಿಯುತ್ತದೆ. ಆದರೆ ತುಂಬಿಸಿದ ಭಾಗದಲ್ಲಿ ಪಾಯವನ್ನು ಮೂಲ ನೆಲದವರೆಗೂ ಇಳಿಸಬೇಕು, ಮಣ್ಣನ್ನು ಪದರಪದರವಾಗಿ ದಮ್ಮಸ್ಸು ಮಾಡಬೇಕು, ಅಂಚಿನಲ್ಲಿ ತಡೆಗೋಡೆ ಕಟ್ಟಬೇಕು.

ತಡೆಗೋಡೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಬಜೆಟ್ ಮುರಿಯುವ ಕಾರಣಗಳಲ್ಲಿ ಇದು ಮುಂಚೂಣಿಯಲ್ಲಿದೆ. ಗೋಡೆಯ ಎತ್ತರ ಎರಡರಷ್ಟಾದರೆ ಅದರ ಮೇಲೆ ಮಣ್ಣಿನ ಒಟ್ಟು ಒತ್ತಡ ನಾಲ್ಕರಷ್ಟಾಗುತ್ತದೆ, ಅದನ್ನು ಬುಡದಿಂದ ಉರುಳಿಸುವ ಬಲ ಎಂಟರಷ್ಟಾಗುತ್ತದೆ. ಆದ್ದರಿಂದ ಒಂದು ಮೀಟರ್ ಎತ್ತರದ ಗೋಡೆಯ ಖರ್ಚನ್ನು ನೋಡಿ ಎರಡು ಮೀಟರಿನ ಗೋಡೆಗೆ ಅದರ ಇಮ್ಮಡಿ ಸಾಕೆಂದು ಎಣಿಸುವುದು ತಪ್ಪು. ಗೋಡೆಯ ಹಿಂದೆ ನೀರು ನಿಂತರೆ ಒತ್ತಡ ಇನ್ನೂ ಹೆಚ್ಚುವುದರಿಂದ, ಜಲ್ಲಿಯ ಪದರ ಹಾಗೂ ನೀರು ಹೊರಹೋಗುವ ರಂಧ್ರಗಳ ಖರ್ಚನ್ನು ಉಳಿಸಲು ಹೋಗಬಾರದು. ಎರಡು ಮೂರು ಹಂತಗಳಲ್ಲಿ ಗಿಡ್ಡ ಗೋಡೆಗಳನ್ನು ಸಾಕಷ್ಟು ಅಂತರ ಬಿಟ್ಟು ಕಟ್ಟುವುದು ಅನೇಕ ವೇಳೆ ಒಂದೇ ಎತ್ತರದ ಗೋಡೆಗಿಂತ ಅಗ್ಗವಾಗುತ್ತದೆ. ಇದನ್ನು ಎಂಜಿನಿಯರರಿಂದ ಲೆಕ್ಕ ಹಾಕಿಸಿಯೇ ನಿರ್ಧರಿಸಬೇಕು.

ಅಗೆಯುವ ಮೊದಲು ನೆರೆಯವರ ಗೋಡೆಗಳಲ್ಲಿ ಈಗಾಗಲೇ ಇರುವ ಬಿರುಕುಗಳ ಚಿತ್ರಗಳನ್ನು, ದಿನಾಂಕ ಕಾಣುವಂತೆ, ಅವರ ಸಮ್ಮುಖದಲ್ಲಿಯೇ ತೆಗೆದಿಟ್ಟುಕೊಳ್ಳಿ. ಮುಂದೆ ಹಾನಿಯ ವಿವಾದ ಬಂದರೆ ಇಬ್ಬರಿಗೂ ಅದರಿಂದ ನ್ಯಾಯ ದೊರೆಯುತ್ತದೆ.

ನೀರು, ವಿದ್ಯುತ್, ಒಳಚರಂಡಿ ಸಂಪರ್ಕಗಳಿಗೆ ಬೇರೆಯಾಗಿ ಹಣ ಎತ್ತಿಡಬೇಕೇ?

ಎತ್ತಿಡಬೇಕು, ಅದೂ ಎರಡು ಬಾರಿ. ಕಟ್ಟುವ ಅವಧಿಗೆ ತಾತ್ಕಾಲಿಕ ಸಂಪರ್ಕ ಒಂದು, ಮನೆಗೆ ಶಾಶ್ವತ ಸಂಪರ್ಕ ಇನ್ನೊಂದು. ಗುತ್ತಿಗೆದಾರರ ಪಟ್ಟಿಯಲ್ಲಿ ವೈರಿಂಗ್ ಎಂದಿದ್ದರೆ ಅದು ಸಾಮಾನ್ಯವಾಗಿ ಮನೆಯೊಳಗಿನ ಕೆಲಸ ಮಾತ್ರ, ಬೀದಿಯ ಕಂಬದಿಂದ ಮೀಟರಿನವರೆಗಿನ ತಂತಿ ಅದರಲ್ಲಿ ಸೇರಿರಲಿಕ್ಕಿಲ್ಲ. ರಸ್ತೆ ಅಗೆಯಬೇಕಾದರೆ ಅದರ ಅನುಮತಿ ಮತ್ತು ರಸ್ತೆಯನ್ನು ಮತ್ತೆ ಸರಿಪಡಿಸುವ ಖರ್ಚು ಬೇರೆ.

ಒಳಚರಂಡಿಯಲ್ಲಿ ದೂರಕ್ಕಿಂತ ಆಳವೇ ಮುಖ್ಯ. ಕೊಳಚೆ ನೀರು ತಾನಾಗಿಯೇ ಹರಿಯಬೇಕಾದರೆ ಕೊಳವೆಗೆ ಇಳಿಜಾರು ಬೇಕು. 60ಕ್ಕೆ 1ರಂತೆ ಇಳಿಜಾರು ಕೊಡುವುದಾದರೆ, 30 ಮೀಟರ್ ದೂರಕ್ಕೆ ಕೊಳವೆ ಅರ್ಧ ಮೀಟರ್ ಇಳಿದಿರಬೇಕು. ಬೀದಿಯ ಮುಖ್ಯ ಕೊಳವೆ ಅದಕ್ಕಿಂತ ಮೇಲಿದ್ದರೆ ಒಂದೋ ಮನೆಯ ನೆಲಮಟ್ಟವನ್ನು ಎತ್ತರಿಸಬೇಕು, ಇಲ್ಲವೇ ಪಂಪು ಹಾಕಿ ಅದರ ವಿದ್ಯುತ್ತು, ದುರಸ್ತಿ ಎರಡನ್ನೂ ಮನೆ ಇರುವಷ್ಟು ಕಾಲ ಭರಿಸಬೇಕು. ಬಾಡಿಗೆಯ ಮನೆಯಲ್ಲಿ ಪಂಪು ಕೆಟ್ಟ ರಾತ್ರಿ ಬಾಡಿಗೆದಾರರು ಕರೆ ಮಾಡುವುದು ಮಾಲೀಕರಿಗೇ. ಮಟ್ಟ ತೆಗೆಯುವ ಒಂದು ದಿನದ ಕೆಲಸದಿಂದ ಈ ತೊಂದರೆಯನ್ನು ನಕ್ಷೆಯ ಹಂತದಲ್ಲಿಯೇ ತಪ್ಪಿಸಬಹುದು.

ಗುತ್ತಿಗೆದಾರರು ಕೊಟ್ಟ ಅಂದಾಜುಪಟ್ಟಿಯನ್ನು ಹೇಗೆ ಓದಬೇಕು?

ಬರೆದಿರುವುದನ್ನು ಒಮ್ಮೆ, ಬರೆಯದೆ ಬಿಟ್ಟಿರುವುದನ್ನು ಮೂರು ಬಾರಿ ಓದಬೇಕು. ಮೊದಲಿಗೆ, ದರವನ್ನು ವಿಸ್ತೀರ್ಣದ ಮೇಲೆ ಹೇಳಿದ್ದರೆ ಯಾವ ವಿಸ್ತೀರ್ಣ ಎಂದು ಕೇಳಿರಿ. ಗೋಡೆಯ ದಪ್ಪ ಸೇರಿದ ಅಳತೆಯೇ, ಒಳಗಿನ ನೆಲದ ಅಳತೆಯೇ, ಬಾಲ್ಕನಿ, ಮೆಟ್ಟಿಲು, ವಾಹನ ನಿಲ್ಲಿಸುವ ಜಾಗ, ನೀರಿನ ತೊಟ್ಟಿ ಇವು ಪೂರ್ಣ ದರಕ್ಕೆ ಸೇರುತ್ತವೆಯೇ, ಅರ್ಧ ದರಕ್ಕೆ ಸೇರುತ್ತವೆಯೇ ಎಂಬುದರ ಮೇಲೆ ಒಂದೇ ಮನೆಗೆ ಒಂದೇ ದರದಲ್ಲಿ ಎರಡು ಬೇರೆ ಮೊತ್ತಗಳು ಬರಬಹುದು.

ಎರಡನೆಯದಾಗಿ, ತಾತ್ಕಾಲಿಕ ಮೊತ್ತಗಳನ್ನು ಹುಡುಕಿರಿ. ಕೆಲಸದ ಪ್ರಮಾಣ ಮೊದಲೇ ಖಚಿತವಾಗಿ ತಿಳಿಯದಿದ್ದಾಗ ಸದ್ಯಕ್ಕೆ ಇಷ್ಟು ಎಂದು ಬರೆದಿಡುವ ಅಂಕಿ ಅದು. ಅಗೆತ, ಪಾಯ, ಬಂಡೆ ತೆಗೆಯುವುದು ಇವು ಹೆಚ್ಚಾಗಿ ಹೀಗೆ ಇರುತ್ತವೆ. ಅದು ಬೆಲೆಯ ಭರವಸೆಯಲ್ಲ, ನಿಜವಾದ ಖರ್ಚು ಹೆಚ್ಚಾದರೆ ವ್ಯತ್ಯಾಸವನ್ನೂ ಅದರ ಮೇಲಿನ ಗುತ್ತಿಗೆದಾರರ ಲಾಭಾಂಶವನ್ನೂ ನೀವೇ ಕೊಡುತ್ತೀರಿ. ಪಟ್ಟಿಯ ಒಟ್ಟು ಮೊತ್ತವನ್ನು ಆಕರ್ಷಕವಾಗಿ ಕಾಣಿಸಲು ಈ ಅಂಕಿಗಳನ್ನು ಕಡಿಮೆ ಬರೆಯುವ ರೂಢಿ ಇರುವುದರಿಂದ, ಪ್ರತಿಯೊಂದರ ಮುಂದೆ ಇದು ಎಷ್ಟು ಅಳತೆಗೆ, ಯಾವ ದರದಲ್ಲಿ ಎಂದು ಬರೆಸಿಕೊಳ್ಳಬೇಕು.

ಮೂರನೆಯದು ವಸ್ತುಗಳಿಗೆ ಇಟ್ಟ ಮಿತಿ ಬೆಲೆ. ಟೈಲ್ಸ್, ನಲ್ಲಿಗಳು, ಬಾಗಿಲುಗಳು, ಸ್ವಿಚ್ಚುಗಳಿಗೆ ಒಂದು ಮಿತಿಯನ್ನು ಪಟ್ಟಿಯಲ್ಲಿ ಹಾಕಿರುತ್ತಾರೆ. ಆ ಬೆಲೆಗೆ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ಸಹಿ ಹಾಕುವ ಮೊದಲು ಹೋಗಿ ನೋಡಿಕೊಂಡು ಬನ್ನಿ. ಟೈಲ್ಸ್ ಕತ್ತರಿಸುವಾಗ ಆಗುವ ನಷ್ಟಕ್ಕೆ ಸುಮಾರು ಶೇಕಡಾ 10ರಷ್ಟು ಹೆಚ್ಚು ತರಿಸಬೇಕಾಗುತ್ತದೆ, ಓರೆಯಾಗಿ ಹಾಸುವುದಾದರೆ ಇನ್ನೂ ಹೆಚ್ಚು. ಆ ನಷ್ಟ ಯಾರ ಲೆಕ್ಕಕ್ಕೆ ಎಂಬುದೂ ಕರಾರಿನಲ್ಲಿರಬೇಕು.

ಇಷ್ಟಾದ ಮೇಲೆ, ಪಟ್ಟಿಯಲ್ಲಿ ಸೇರಿಲ್ಲದ ಕೆಲಸಗಳು ಎಂಬ ತಲೆಬರಹದಲ್ಲಿ ಗುತ್ತಿಗೆದಾರರಿಂದಲೇ ಒಂದು ಪುಟ ಬರೆಸಿಕೊಳ್ಳಿ. ಒಳ್ಳೆಯ ಗುತ್ತಿಗೆದಾರರು ಇದಕ್ಕೆ ಹಿಂಜರಿಯುವುದಿಲ್ಲ, ಏಕೆಂದರೆ ಮುಂದಿನ ಜಗಳಗಳಿಂದ ಅದು ಅವರನ್ನೂ ಕಾಪಾಡುತ್ತದೆ. ಕಾಂಪೌಂಡು, ಗೇಟು, ಗೆದ್ದಲು ನಿರೋಧಕ, ತಾರಸಿಯ ವಾಟರ್‌ಪ್ರೂಫಿಂಗ್, ಮಳೆನೀರಿನ ಚರಂಡಿ, ಕಟ್ಟಡದ ಕಸ ಸಾಗಣೆ, ಕೊನೆಯ ಶುಚಿತ್ವ ಇವೆಲ್ಲ ಆ ಪುಟದಲ್ಲಿ ಕಾಣಿಸಿಕೊಳ್ಳುವ ಹೆಸರುಗಳು. ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೇ ಎಂಬ ಒಂದು ಸಾಲಿನ ಪ್ರಶ್ನೆಯನ್ನೂ ಮರೆಯಬೇಡಿ.

ಎಲ್ಲರಿಗಿಂತ ಕಡಿಮೆ ದರ ಹೇಳಿದವರಿಗೆ ಕೆಲಸ ಕೊಡಬಹುದೇ?

ಎಲ್ಲರೂ ಒಂದೇ ನಕ್ಷೆಗೆ, ಒಂದೇ ವಿವರಪಟ್ಟಿಗೆ ದರ ಹೇಳಿದ್ದರೆ ಪರಿಗಣಿಸಬಹುದು. ಒಬ್ಬರ ಮೊತ್ತ ಉಳಿದವರಿಗಿಂತ ತೀರಾ ಕೆಳಗಿದ್ದರೆ, ಅವರು ಯಾವುದನ್ನೋ ಸೇರಿಸಿಲ್ಲ ಅಥವಾ ಕೆಲಸದ ನಡುವೆ ಕೈಚೆಲ್ಲುವ ಸಾಧ್ಯತೆ ಇದೆ. ಅರ್ಧಕ್ಕೆ ನಿಂತ ಕಟ್ಟಡವನ್ನು ಮುಗಿಸಿಕೊಡಲು ಬರುವ ಎರಡನೆಯ ಗುತ್ತಿಗೆದಾರರು, ಮೊದಲಿನವರ ಕೆಲಸದ ಹೊಣೆಯನ್ನು ಹೊರಬೇಕಾದ ಕಾರಣ, ಸಹಜವಾಗಿಯೇ ಹೆಚ್ಚು ಕೇಳುತ್ತಾರೆ. ಮುಗಿದ ಕೆಲಸಕ್ಕಿಂತ ಮುಂದಾಗಿ ಹಣ ಕೊಡದಿರುವುದು, ಕೊನೆಯ ಕಂತಿನಲ್ಲಿ ಶೇಕಡಾ 5ರಷ್ಟನ್ನು ದೋಷಗಳು ಸರಿಯಾಗುವವರೆಗೆ ತಡೆಹಿಡಿಯುವುದು, ಈ ಎರಡನ್ನೂ ಕರಾರಿನಲ್ಲಿಯೇ ಸೇರಿಸಬೇಕು.

ಕೆಲಸದ ನಡುವೆ ಸಣ್ಣ ಬದಲಾವಣೆ ಮಾಡಿಸಿದರೆ ನಿಜವಾಗಿಯೂ ಅಷ್ಟು ಖರ್ಚಾಗುತ್ತದೆಯೇ?

ಬದಲಾವಣೆಯ ಬೆಲೆ ಅದರ ಗಾತ್ರಕ್ಕಿಂತ ಅದು ಬಂದ ಹೊತ್ತಿನ ಮೇಲೆ ನಿಲ್ಲುತ್ತದೆ. ಸ್ನಾನದ ಮನೆಯ ಬಾಗಿಲನ್ನು ನಕ್ಷೆಯಲ್ಲಿ ಸರಿಸಲು ಒಂದು ಗೆರೆ ಅಳಿಸಿದರೆ ಸಾಕು. ಗೋಡೆ ಎದ್ದ ಮೇಲೆ ಸರಿಸಬೇಕಾದರೆ ಒಡೆಯುವುದು, ಬಾಗಿಲಿನ ಮೇಲಿನ ಅಡ್ಡತೊಲೆಯನ್ನು (ಲಿಂಟಲ್) ಮತ್ತೆ ಹಾಕುವುದು, ಕೊಳವೆ ಮತ್ತು ತಂತಿಗಳ ದಾರಿ ಬದಲಿಸುವುದು, ಗಿಲಾವು ಮಾಡಿದವರನ್ನು ಮತ್ತೊಮ್ಮೆ ಕರೆಸುವುದು, ಇವೆಲ್ಲ ಒಂದರ ಹಿಂದೆ ಒಂದರಂತೆ ಬರುತ್ತವೆ. ಜೊತೆಗೆ ಅಂದು ಬರಬೇಕಿದ್ದ ಬೇರೆ ಕೆಲಸಗಾರರು ಇನ್ನೊಂದು ಕಡೆಗೆ ಹೋಗಿ, ವಾರಗಟ್ಟಲೆ ತಡವಾಗುವುದುಂಟು. ಬಾಡಿಗೆಯ ಮನೆಯಲ್ಲಿ ಬದಲಾವಣೆಯ ಆಸೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರಿಂದ ಬಾಡಿಗೆ ಹೆಚ್ಚುತ್ತದೆಯೇ, ಅಥವಾ ಮುಂದಿನ ದುರಸ್ತಿ ತಪ್ಪುತ್ತದೆಯೇ ಎಂಬುದು. ಎರಡಕ್ಕೂ ಇಲ್ಲವೆಂದಾದರೆ ಬಿಟ್ಟುಬಿಡಿ. ಮಾಡಿಸುವುದೇ ಆದರೆ ಅದರ ಬೆಲೆ, ಅದಕ್ಕಾಗಿ ಬೇಕಾಗುವ ಹೆಚ್ಚುವರಿ ದಿನಗಳು ಎರಡನ್ನೂ ಬರಹದಲ್ಲಿ ಪಡೆದ ನಂತರವೇ ಒಪ್ಪಿಗೆ ಕೊಡಿ. ಕಾಮಗಾರಿಯ ಜಾಗದಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಿದ ಬದಲಾವಣೆಗಳೇ ಕೊನೆಯ ಬಿಲ್ಲಿನಲ್ಲಿ ಅತಿ ಹೆಚ್ಚು ವಿವಾದಕ್ಕೆ ಕಾರಣವಾಗುತ್ತವೆ.

ಸಾಲದ ಬಡ್ಡಿಯನ್ನು ನಿರ್ಮಾಣದ ವೆಚ್ಚದಲ್ಲಿ ಸೇರಿಸಬೇಕೇ?

ಖಂಡಿತವಾಗಿ ಸೇರಿಸಬೇಕು, ಮತ್ತು ಬಹಳ ಮಂದಿ ಸೇರಿಸುವುದಿಲ್ಲ. ಮನೆ ಕಟ್ಟುತ್ತಿರುವಾಗ ಬಾಡಿಗೆ ಇರುವುದಿಲ್ಲ, ಬಡ್ಡಿ ಮಾತ್ರ ಇರುತ್ತದೆ. 100 ಭಾಗ ಸಾಲವನ್ನು 12 ತಿಂಗಳಲ್ಲಿ ಸಮನಾದ ಹಂತಗಳಲ್ಲಿ ಪಡೆದರೆ ವರ್ಷದುದ್ದಕ್ಕೂ ಸರಾಸರಿ 50 ಭಾಗ ನಿಮ್ಮ ಮೇಲಿರುತ್ತದೆ, ಶೇಕಡಾ 9ರ ದರದಲ್ಲಿ ಅದರ ಬಡ್ಡಿ 4.5 ಭಾಗ. ಈಗ ಕೆಲಸ ನಾಲ್ಕು ತಿಂಗಳು ತಡವಾಯಿತೆನ್ನೋಣ. ಸಾಲ ಬಹುತೇಕ ಪೂರ್ತಿ ಪಡೆದಾಗಿರುವುದರಿಂದ ಆ ನಾಲ್ಕೇ ತಿಂಗಳ ಬಡ್ಡಿ 3 ಭಾಗವಾಗುತ್ತದೆ. ಅಂದರೆ ಹಿಂದಿನ ಇಡೀ ವರ್ಷದ ಬಡ್ಡಿಯ ಮೂರನೆಯ ಎರಡು ಪಾಲು ಕೊನೆಯ ನಾಲ್ಕು ತಿಂಗಳಲ್ಲಿ ಹೋಯಿತು. ಬರಬೇಕಿದ್ದ ಬಾಡಿಗೆಯೂ ಬರಲಿಲ್ಲ. ಆರಂಭದ ತಡಕ್ಕಿಂತ ಕೊನೆಯ ತಡ ಹೆಚ್ಚು ದುಬಾರಿ ಎಂಬುದನ್ನು ಇದರಿಂದ ಅರಿಯಬಹುದು. ಬಾಗಿಲು, ನಲ್ಲಿ, ಸಂಪರ್ಕದ ಅನುಮತಿ ಮುಂತಾದ ಕೊನೆಯ ಹಂತದ ವಸ್ತುಗಳಿಗೆ, ಅರ್ಜಿಗಳಿಗೆ ತಿಂಗಳುಗಳ ಮೊದಲೇ ಕೈಹಾಕಬೇಕಾದ ಕಾರಣವೂ ಇದೇ.

ಹಾಗೆಂದು ಎಲ್ಲ ಹಂತಗಳಲ್ಲೂ ಅವಸರ ಮಾಡುವಂತಿಲ್ಲ. ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ 28ನೆಯ ದಿನಕ್ಕೆ ಅಳೆಯುತ್ತಾರೆ, ಮೊದಲ ಒಂದೆರಡು ವಾರ ಅದು ಒಣಗದಂತೆ ನೀರುಣಿಸುತ್ತಿರಬೇಕು. ಗಿಲಾವು ಒಣಗುವ ಮೊದಲು ಬಣ್ಣ ಬಳಿದರೆ ಅದು ಹಪ್ಪಳದಂತೆ ಎದ್ದು, ಮೊದಲ ಬಾಡಿಗೆದಾರರು ಬರುವ ಮುನ್ನವೇ ಮತ್ತೆ ಬಳಿಸಬೇಕಾಗುತ್ತದೆ. ವೇಳಾಪಟ್ಟಿಯಲ್ಲಿ ಈ ದಿನಗಳನ್ನು ಮೊದಲೇ ಸೇರಿಸಿರಬೇಕು.

ನೆಲಕ್ಕೆ ಸಾಲ ತಂದಿದ್ದರೆ ಅದರ ಬಡ್ಡಿ ಕೊಂಡ ದಿನದಿಂದಲೇ ಓಡುತ್ತದೆ, ನಕ್ಷೆಗೆ ಅನುಮತಿ ಸಿಗುವವರೆಗಿನ ತಿಂಗಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವಿಮೆ ಯಾವಾಗಿನಿಂದ ಬೇಕು?

ಅಗೆಯುವ ದಿನದಿಂದ. ಮುಗಿದ ಮನೆಗೆ ಕೊಡುವ ವಿಮೆ ಹೆಚ್ಚಿನ ಸಂದರ್ಭಗಳಲ್ಲಿ ಕಟ್ಟುತ್ತಿರುವ ಮನೆಗೆ ಅನ್ವಯಿಸುವುದಿಲ್ಲ, ಆದ್ದರಿಂದ ನಿರ್ಮಾಣದ ಅವಧಿಗೆ ಬೇರೆ ವಿಮೆ ಇರಬೇಕು. ಅದು ಗುತ್ತಿಗೆದಾರರ ಹೆಸರಿನಲ್ಲಿದ್ದರೆ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯಿರಿ, ಕೆಲಸಗಾರರಿಗೆ ಆಗುವ ಅಪಘಾತವೂ ದಾರಿಹೋಕರಿಗೆ ಆಗುವ ಹಾನಿಯೂ ಸೇರಿವೆಯೇ ಎಂದು ನೋಡಿರಿ. ಮನೆ ಮುಗಿದು ಬಾಡಿಗೆದಾರರಿಗಾಗಿ ಕಾಯುತ್ತಾ ಖಾಲಿ ಇರುವ ದಿನಗಳಿಗೆ ವಿಮೆಯ ಷರತ್ತುಗಳು ಬೇರೆಯಾಗಿರಬಹುದು.

ಅನುಮತಿ ಮತ್ತು ಶುಲ್ಕಗಳ ಬಗ್ಗೆ ಏನು ಗಮನಿಸಬೇಕು?

ನೋಂದಣಿ, ಮುದ್ರಾಂಕ, ನಕ್ಷೆಯ ಮಂಜೂರಾತಿ, ಸರ್ವೆ, ವಾಸ್ತುಶಿಲ್ಪಿ ಹಾಗೂ ಎಂಜಿನಿಯರರ ಶುಲ್ಕ, ವಕೀಲರ ಪರಿಶೀಲನೆ, ಸಾಲದ ಪರಿಶೀಲನಾ ಶುಲ್ಕ, ಕೊನೆಯಲ್ಲಿ ವಾಸಯೋಗ್ಯ ಪ್ರಮಾಣಪತ್ರ. ಇವುಗಳ ದರವನ್ನು ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಬಹುದು. ಒಂದನ್ನು ಮಾತ್ರ ನೆನಪಿಡಿ, ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದರೆ ಆ ಕೊನೆಯ ಪ್ರಮಾಣಪತ್ರ ಸಿಗದೆ ಹೋಗಬಹುದು, ಅದಿಲ್ಲದ ಮನೆಯನ್ನು ಬಾಡಿಗೆಗೆ ಕೊಡುವುದೂ ಮಾರುವುದೂ ಕಷ್ಟ.

ಕಟ್ಟಡ ಮುಗಿದ ದಿನವೇ ಬಾಡಿಗೆಗೆ ಕೊಡಬಹುದಲ್ಲವೇ?

ಸಾಮಾನ್ಯವಾಗಿ ಆಗುವುದಿಲ್ಲ. ಗುತ್ತಿಗೆದಾರರ ಮಾತಿನಲ್ಲಿ ಮುಗಿದ ಮನೆಗೂ ಜನ ವಾಸಿಸಬಹುದಾದ ಮನೆಗೂ ನಡುವೆ ಒಂದು ಉದ್ದನೆಯ ಪಟ್ಟಿ ಇರುತ್ತದೆ. ದೀಪ, ಫ್ಯಾನು, ನೀರು ಕಾಯಿಸುವ ಯಂತ್ರ, ಪರದೆಯ ಸರಳು, ಕನ್ನಡಿ, ಬಟ್ಟೆ ಒಣಗಿಸುವ ತಂತಿ, ಸೊಳ್ಳೆ ಜಾಲರಿ, ಬೀಗಗಳ ಹೆಚ್ಚುವರಿ ಕೀಲಿ, ಅಂಚೆಪೆಟ್ಟಿಗೆ, ಗೇಟಿನಿಂದ ಬಾಗಿಲವರೆಗೆ ಕೆಸರಾಗದ ದಾರಿ. ಒಂದೊಂದೂ ಚಿಕ್ಕದು, ಕೂಡಿಸಿದರೆ ಚಿಕ್ಕದಲ್ಲ, ಮತ್ತು ಇವು ಬೇಕಾಗುವುದು ಕೈಯಲ್ಲಿ ಹಣ ಅತಿ ಕಡಿಮೆ ಉಳಿದಿರುವ ವಾರದಲ್ಲಿ. ಇವನ್ನು ಕರಾರಿನ ಹೊರಗಿನ ಬೇರೆಯೇ ಶೀರ್ಷಿಕೆಯಾಗಿ ಮೊದಲ ದಿನವೇ ಬಜೆಟ್ಟಿನಲ್ಲಿ ಇರಿಸಿ, ಆ ಹಣವನ್ನು ಬೇರೆ ಖಾತೆಯಲ್ಲಿಡುವುದು ಒಳ್ಳೆಯದು.

ಇದರ ಜೊತೆಗೆ ಜಾಹೀರಾತು ಅಥವಾ ಮಧ್ಯವರ್ತಿಯ ಶುಲ್ಕ, ಬಾಡಿಗೆ ಕರಾರಿನ ಖರ್ಚು, ಮತ್ತು ಒಂದೆರಡು ತಿಂಗಳು ಮನೆ ಖಾಲಿ ಇದ್ದರೂ ಕಂತು ಕಟ್ಟುವಷ್ಟು ಹಣ ಬೇಕು.

ಮೀಸಲು ಹಣ ಎಷ್ಟಿರಬೇಕು?

ಸಮತಟ್ಟಾದ ನಿವೇಶನ, ಮಣ್ಣಿನ ವರದಿ ಕೈಯಲ್ಲಿದೆ, ನಕ್ಷೆಗಳೆಲ್ಲ ಪೂರ್ಣವಾಗಿವೆ ಎಂದಾದರೆ ನಿರ್ಮಾಣ ವೆಚ್ಚದ ಶೇಕಡಾ 10 ಸಾಕೆಂದು ನಾನು ಭಾವಿಸುತ್ತೇನೆ. ಇಳಿಜಾರು, ತುಂಬಿದ ಮಣ್ಣು, ಅಪೂರ್ಣ ನಕ್ಷೆ, ದರ ಏರಿಕೆಗೆ ಅವಕಾಶವಿರುವ ಕರಾರು, ಇವುಗಳಲ್ಲಿ ಯಾವುದಾದರೂ ಇದ್ದರೆ ಶೇಕಡಾ 15ರಿಂದ 20ರವರೆಗೆ ಬೇಕು. ಗೊತ್ತಿರುವ ಖರ್ಚುಗಳನ್ನು ಈ ಮೀಸಲಿನಿಂದ ತುಂಬಿಸಬಾರದು. ಕಾಂಪೌಂಡಿಗೆ ಹಣ ಬೇಕೆಂದು ಇಂದೇ ತಿಳಿದಿದ್ದರೆ ಅದು ಬಜೆಟ್ಟಿನ ಒಂದು ಸಾಲು, ಮೀಸಲಿನ ಭಾಗವಲ್ಲ.

ಮೀಸಲನ್ನು ನೆಲದ ಕೆಳಗಿನದು, ನೆಲದ ಮೇಲಿನದು ಎಂದು ಎರಡಾಗಿ ವಿಂಗಡಿಸಿ ಇಟ್ಟುಕೊಳ್ಳುವಂತೆ ಸಲಹೆ ಕೊಡುತ್ತೇನೆ. ಪಾಯ ಮುಗಿದಾಗ ಮೊದಲನೆಯದರಲ್ಲಿ ಎಷ್ಟು ಉಳಿದಿದೆ ಎಂದು ನೋಡಿರಿ. ಉಳಿದಿದ್ದರೆ ಅದನ್ನು ಬಡ್ಡಿ ಮತ್ತು ತಡದ ಲೆಕ್ಕಕ್ಕೆ ವರ್ಗಾಯಿಸಿ, ನೆಲದ ಕಲ್ಲನ್ನು ಇನ್ನೂ ಚೆಂದದ್ದಕ್ಕೆ ಬದಲಿಸಲು ಬಳಸಬೇಡಿ. ಉಳಿಯದೆ ಮೀರಿದ್ದರೆ ಅಂದೇ, ಗೋಡೆ ಏಳುವ ಮೊದಲೇ, ಮೇಲಿನ ಕೆಲಸಗಳಲ್ಲಿ ಏನನ್ನು ಕಡಿಮೆ ಮಾಡಬಹುದೆಂದು ಕೂತು ತೀರ್ಮಾನಿಸಬಹುದು.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಮುಂದೆ ಒಡೆಯದೆ ಸರಿಪಡಿಸಲಾಗದ ಯಾವುದರಲ್ಲಿಯೂ ಉಳಿಸಬಾರದು. ಪಾಯ, ಕಬ್ಬಿಣ, ಗೋಡೆಯೊಳಗಿನ ಕೊಳವೆ ಮತ್ತು ತಂತಿ, ತಾರಸಿ ಹಾಗೂ ಸ್ನಾನದ ಮನೆಯ ವಾಟರ್‌ಪ್ರೂಫಿಂಗ್ ಈ ಗುಂಪಿಗೆ ಸೇರುತ್ತವೆ. ಸ್ನಾನದ ಮನೆಗೆ ಟೈಲ್ಸ್ ಹಾಸುವ ಮೊದಲು ನೆಲದಲ್ಲಿ 24ರಿಂದ 48 ಗಂಟೆ ನೀರು ನಿಲ್ಲಿಸಿ ಕೆಳಗೆ ತೇವ ಬರುತ್ತದೆಯೇ ಎಂದು ಪರೀಕ್ಷಿಸಲು ಕೇಳಿರಿ. ಈ ಒಂದು ಪರೀಕ್ಷೆಯಿಂದ, ಬಾಡಿಗೆದಾರರನ್ನು ಹೊರಗೆ ಕಳುಹಿಸಿ ಟೈಲ್ಸ್ ಕಿತ್ತು ಮಾಡಬೇಕಾದ ದುರಸ್ತಿ ತಪ್ಪಬಹುದು.

ಉಳಿಸಬಹುದಾದದ್ದು ಆಕಾರದಲ್ಲಿ. ಮೂಲೆಗಳು ಕಡಿಮೆ ಇರುವ ಸರಳ ಚೌಕಟ್ಟಿನ ಮನೆಗೆ ಗೋಡೆಯೂ ಪಾಯವೂ ಚಾವಣಿಯ ಕೂಡುಗಳೂ ಕಡಿಮೆ. ಅಡುಗೆಮನೆ ಮತ್ತು ಸ್ನಾನದ ಮನೆಗಳನ್ನು ಒಂದಕ್ಕೊಂದು ಬೆನ್ನು ಹಚ್ಚಿ ಇಟ್ಟರೆ ಕೊಳವೆಯ ಉದ್ದ ಕಡಿಮೆಯಾಗುತ್ತದೆ. ಬಾಗಿಲು, ಕಿಟಕಿಗಳನ್ನು ಸಿದ್ಧವಾಗಿ ಸಿಗುವ ಅಳತೆಗಳಲ್ಲಿಯೇ ಇಡಿ, ಏಕೆಂದರೆ ಇವತ್ತು ಅಗ್ಗವಾಗುವುದಲ್ಲದೆ ಹತ್ತು ವರ್ಷಗಳ ನಂತರ ಬದಲಿಸುವಾಗಲೂ ಅವು ಸಿಗುತ್ತವೆ. ನೆಲಕ್ಕೆ ಹಾಸಿದ ಟೈಲ್ಸಿನ ಒಂದೆರಡು ಪೆಟ್ಟಿಗೆಗಳನ್ನು ತೆಗೆದಿಡಿ.

ಇಷ್ಟೆಲ್ಲ ಮಾಡಿಯೂ ಮೀಸಲು ಅರ್ಧದಲ್ಲಿಯೇ ಮುಗಿದರೆ?

ಮೊದಲು ಕೆಲಸ ನಿಲ್ಲಿಸದೆ ಲೆಕ್ಕ ನಿಲ್ಲಿಸಿ ನೋಡಿರಿ, ಅಂದರೆ ಅಂದಿನವರೆಗೆ ಕೊಟ್ಟದ್ದು, ಕೊಡಬೇಕಾದದ್ದು, ಉಳಿದ ಕೆಲಸದ ಮೌಲ್ಯ ಇವನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಂತರ ವಾಸಕ್ಕೆ ಅಡ್ಡಿಯಾಗದೆ ಮುಂದೂಡಬಹುದಾದ ಕೆಲಸಗಳನ್ನು ಬೇರ್ಪಡಿಸಿ. ವಾಹನ ನಿಲ್ದಾಣದ ಮೇಲಿನ ಚಾವಣಿ, ತೋಟ, ಹೊರಗೋಡೆಯ ಅಲಂಕಾರ, ಅಂತರ್ನಿರ್ಮಿತ ಕಪಾಟುಗಳು ಬಾಡಿಗೆ ಬರತೊಡಗಿದ ಮೇಲೆ ಆಗಬಹುದಾದವು, ಆದರೆ ಆಗ ಬೇಕಾಗುವ ತಂತಿ ಮತ್ತು ಕೊಳವೆಗಳನ್ನು ಈಗಲೇ ಗೋಡೆಯೊಳಗೆ ಹಾಕಿಸಿಡಬೇಕು. ಮೇಲಂತಸ್ತನ್ನು ಅರ್ಧಕ್ಕೆ ಬಿಟ್ಟು ಕೆಳಗಿನದನ್ನು ಬಾಡಿಗೆಗೆ ಕೊಡುವ ಯೋಚನೆ ಹಲವರಿಗೆ ಬರುತ್ತದೆ. ತೆರೆದಿಟ್ಟ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುವುದನ್ನೂ ಕೆಳಗೆ ಜನರಿರುವಾಗ ಮೇಲೆ ಕೆಲಸ ಮುಂದುವರಿಸುವ ಅಪಾಯವನ್ನೂ ಎಂಜಿನಿಯರರೊಂದಿಗೆ ಚರ್ಚಿಸದೆ ಅದಕ್ಕೆ ಇಳಿಯಬೇಡಿ.

ಸಾಲ ಕೊಟ್ಟವರಿಗೆ ವಿಷಯವನ್ನು ಬೇಗ ತಿಳಿಸುವುದು ಒಳ್ಳೆಯದು. ಕಂತು ತಪ್ಪುವ ಮೊದಲು ಹಾಳೆಯೊಂದಿಗೆ ಹೋಗಿ ಹೆಚ್ಚುವರಿ ಸಾಲವನ್ನೋ ಅವಧಿಯ ವಿಸ್ತರಣೆಯನ್ನೋ ಕೇಳುವವರಿಗೆ ಸಿಗುವ ಉತ್ತರವೂ, ಕಂತು ತಪ್ಪಿದ ಮೇಲೆ ಹೋಗುವವರಿಗೆ ಸಿಗುವ ಉತ್ತರವೂ ಒಂದೇ ಆಗಿರುವುದಿಲ್ಲ. ಗುತ್ತಿಗೆದಾರರಿಗೂ ಅಷ್ಟೇ, ಮುಂದಿನ ಹಂತದ ಹಣ ಯಾವ ದಿನ ಬರುತ್ತದೆಂದು ನೇರವಾಗಿ ಹೇಳಿದರೆ ಅವರು ಕೆಲಸಗಾರರನ್ನು ಅದಕ್ಕೆ ಹೊಂದಿಸಿಕೊಳ್ಳಬಲ್ಲರು, ಮತ್ತು ಆ ಹೊಂದಾಣಿಕೆಯನ್ನು ಇಬ್ಬರೂ ಸಹಿ ಹಾಕಿದ ಪತ್ರವಾಗಿ ಮೂಲ ಕರಾರಿಗೆ ಸೇರಿಸಿಟ್ಟರೆ ತಡಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಮುಂದೆ ಏಳುವುದಿಲ್ಲ.